ರಾತ್ರಿಯ ಹೊಲಕ್ಕೆ ತಕ್ಕ ಬ್ಯಾಟರಿ ಮತ್ತು ಅದರ ಸೆಲ್ಲುಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ರೈತರಿಗೆ ರಾತ್ರಿಯ ಕೆಲಸವು ಹೊಸದೇನೂ ಅಲ್ಲ. ಕಣದಲ್ಲಿ ರಾಶಿ ಕಾಯುವದು, ಶೇಂಗಾ ಮತ್ತು ಗೋವಿನಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಹೊರಗೆ ಹಾಕುವದು, ಗೊಬ್ಬರದ ಸಲುವಾಗಿ ಹೊಲದಲ್ಲಿ ತರುಬಿದ ಕುರಿಗಳನ್ನು ತೋಳಗಳಿಂದ ಕಾಪಾಡುವದು, ಇವೆಲ್ಲ ಹಿಂದಿನಿಂದಲೂ ನಡೆದುಬಂದವುಗಳೇ ಆಗಿವೆ. ಆದರೆ ಕೊಳವೆ ಬಾವಿಗಳು ಹೆಚ್ಚಾದಂದಿನಿಂದ ಇವುಗಳಿಗೆ ಇನ್ನೊಂದು ಕೆಲಸವು ಕೂಡಿಕೊಂಡಿದೆ. ಪಂಪುಗಳಿಗೆ ಬೇಕಾಗುವ ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ತಾಸು, ಅದೂ ಪಾಳಿಯ ಮೇಲೆ ದೊರೆಯುವದರಿಂದ, ರಾತ್ರಿಯ ಪಾಳಿ ಬಂದಾಗ ಉಳ್ಳಾಗಡ್ಡಿಗೂ ಮೆಣಸಿನ ಗಿಡಕ್ಕೂ ನೀರು ಹಾಯಿಸುವ ರೈತನು ಸಲಿಕೆ ಹಿಡಿದು ನಡುರಾತ್ರಿಯಲ್ಲಿಯೇ ಮಡಿಯಿಂದ ಮಡಿಗೆ ನಡೆಯಬೇಕಾಗುತ್ತದೆ. ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ ಕಬ್ಬು, ಭತ್ತ ಬೆಳೆಯುವವರ ಪಾಡೂ ಇದೇ ಆಗಿದೆ. ಇಂಥವನ ಕೈಯಲ್ಲಿರತಕ್ಕ ದೀಪವು ಸಲಿಕೆ, ಕುಡಗೋಲುಗಳಂತೆಯೇ ಒಕ್ಕಲುತನದ ಒಂದು ಉಪಕರಣವೆಂದು ಎಣಿಸಲ್ಪಡಬೇಕು. ಆದರೆ ಎತ್ತು ಕೊಳ್ಳುವಾಗ ಹಲ್ಲು ನೋಡುವ, ಬೀಜ ಕೊಳ್ಳುವಾಗ ಚೀಟಿ ನೋಡುವ ನಮ್ಮ ರೈತರು ದೀಪವನ್ನು ಕೊಳ್ಳುವಾಗ ಮಾತ್ರ ಸಂತೆಯ ಅಂಗಡಿಯವನು ಗೋಡೆಗೆ ಹಿಡಿದು ತೋರಿಸಿದ ಹೊಳಪನ್ನು ನೋಡಿಯೇ ಸಮಾಧಾನಪಟ್ಟುಕೊಳ್ಳುತ್ತಾರೆ.

ಮೊದಲು ಹೆಸರಿನ ವಿಷಯ. ನಮ್ಮ ಕಡೆಯಲ್ಲಿ ಕೈದೀಪಕ್ಕೇ ಬ್ಯಾಟರಿ ಎನ್ನುವ ರೂಢಿಯುಂಟು. ಅದರೊಳಗೆ ಹಾಕತಕ್ಕದ್ದು ಸೆಲ್ಲು. ಪೇಟೆಯ ಪೆಟ್ಟಿಗೆಗಳ ಮೇಲೆ ದೀಪಕ್ಕೆ ಟಾರ್ಚ್ ಎಂದೂ ಸೆಲ್ಲಿಗೆ ಬ್ಯಾಟರಿ ಎಂದೂ ಅಚ್ಚಾಗಿರುವದರಿಂದ ಕೊಳ್ಳುವವನಿಗೂ ಮಾರುವವನಿಗೂ ಮಾತಿನಲ್ಲಿ ಗೊಂದಲವಾಗುವದುಂಟು. ಈ ಲೇಖದಲ್ಲಿ ನಮ್ಮ ರೂಢಿಯನ್ನೇ ಇಟ್ಟುಕೊಂಡಿದೆ.

ಬೆಳಕು ಏತಕ್ಕೆ ಬೇಕು

ರಾತ್ರಿಯ ಹೊಲದಲ್ಲಿ ಮೊದಲನೆಯ ಭಯವು ಹಾವಿನದು. ಕೊಳಕುಮಂಡಲವು ಒಣಗಿದ ಸೊಪ್ಪೆ, ಎಲೆಗಳ ನಡುವೆ ಅಲುಗಾಡದೆ ಬಿದ್ದಿರುತ್ತದೆ. ಮನುಷ್ಯನ ಹೆಜ್ಜೆಯ ಸಪ್ಪಳಕ್ಕೆ ಸರಿದು ಹೋಗುವದೆಂಬ ಭರವಸೆಯಿಲ್ಲ. ನಾಗರಹಾವು ಇಲಿಗಳ ಬೆನ್ನು ಹತ್ತಿ ಒಡ್ಡಿನ ಬಿಲಗಳಿಗೆ ಬರುತ್ತದೆ. ಕಟ್ಟುಹಾವು ರಾತ್ರಿಯಲ್ಲಿಯೇ ತಿರುಗಾಡುವ ಜಾತಿಯದು. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವು ಸಹ ಅಷ್ಟಾಗಿ ತಿಳಿಯುವದಿಲ್ಲ. ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ೨೦೦೦ದಿಂದ ೨೦೧೯ರ ವರೆಗಿನ ೨೦ ವರುಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ತೀರಿಕೊಂಡವರು ಸುಮಾರು ೧೨ ಲಕ್ಷ ಜನ, ಅಂದರೆ ವರುಷಕ್ಕೆ ಸರಾಸರಿ ೫೮,೦೦೦. ಇವರಲ್ಲಿ ಬಹುತರ ಜನರು ಹಳ್ಳಿಗಳವರು. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿ ಮಾಡತಕ್ಕ ಸಂಗತಿಯೆಂದು ಗೊತ್ತುಪಡಿಸಿತು.

ಬೆಳಕು ಕಂಡು ಹಾವು ಓಡಿಹೋಗುವದೆಂಬ ತಿಳುವಳಿಕೆಯು ತಪ್ಪು. ಬೆಳಕಿನ ಉಪಯೋಗವು ಹಾವಿಗಾಗಿ ಅಲ್ಲ, ನಮ್ಮ ಕಾಲಿಗಾಗಿ. ಆದಕಾರಣ ಬೆಳಕು ದೂರ ಹೋಗುವದಕ್ಕಿಂತ ಕಾಲ ಮುಂದಿನ ನಾಲ್ಕು ಮಾರು ನೆಲದ ಮೇಲೆ ಅಗಲವಾಗಿ, ಒಂದೇ ಸವನೆ ಬೀಳುವದು ಹೆಚ್ಚು ಮಹತ್ವದ್ದು. ಇದಕ್ಕೆ ೧೦೦ ಲ್ಯೂಮೆನ್ ಸಾಕು. ಲ್ಯೂಮೆನ್ ಎಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಬ್ಯಾಟರಿಯನ್ನು ಹಿಡಿಯುವ ರೀತಿಯೂ ಲಕ್ಷ್ಯದಲ್ಲಿಡತಕ್ಕದ್ದು. ಕೈಯನ್ನು ಸೊಂಟಕ್ಕಿಂತ ಕೆಳಗೆ ಇಳಿಬಿಟ್ಟು ಹಿಡಿದರೆ ನೆಲದ ಮೇಲಿನ ಹೆಂಟೆ, ಕಲ್ಲು, ಹಾವು ಎಲ್ಲಕ್ಕೂ ಉದ್ದವಾದ ನೆರಳು ಬಿದ್ದು ಅವು ಎದ್ದು ಕಾಣುತ್ತವೆ. ಹಣೆಗೆ ಕಟ್ಟಿಕೊಳ್ಳುವ ದೀಪವು ಸಲಿಕೆ ಹಿಡಿಯಲಿಕ್ಕೆ ಎರಡೂ ಕೈಗಳನ್ನು ಬಿಡುವಾಗಿಸುತ್ತದೆಂಬದು ನಿಜವೇ. ಆದರೆ ಅದರ ಬೆಳಕು ಕಣ್ಣಿನ ಹತ್ತಿರದಿಂದಲೇ ಹೊರಡುವದರಿಂದ ನೆರಳುಗಳು ವಸ್ತುಗಳ ಹಿಂದೆ ಅಡಗಿಬಿಡುತ್ತವೆ, ನೆಲವೆಲ್ಲ ಚಪ್ಪಟೆಯಾಗಿ ತೋರುತ್ತದೆ. ನೀರು ತಿರುಗಿಸುವಾಗ ಹಣೆಯ ದೀಪ, ನಡೆಯುವಾಗ ಕೈಯ ಬ್ಯಾಟರಿ ಎಂದು ಎರಡನ್ನೂ ಇಟ್ಟುಕೊಳ್ಳಲು ಶಕ್ತಿಯುಳ್ಳವರು ಹಾಗೆ ಮಾಡುವದು ಒಳಿತು. ಬೆಳಕಿನ ಬಣ್ಣದ ವಿಷಯದಲ್ಲಿ ನೀಲಿ ಛಾಯೆಯ ಬಿಳುಪಿಗಿಂತ ತುಸು ಹಳದಿಗೆ ತಿರುಗಿದ ಬಿಳುಪು, ಅಂದರೆ ಪೆಟ್ಟಿಗೆಯ ಮೇಲೆ ೪,೦೦೦ದಿಂದ ೫,೦೦೦ ಕೆಲ್ವಿನ್ ಎಂದು ಬರೆದುದು, ಎರೆಯ ಮತ್ತು ಮಸಾರಿಯ ಮಣ್ಣಿನ ಮೇಲೆ ಕಂದು ಬಣ್ಣದ ವಸ್ತುಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಹುಳುಗಳೂ ಅದಕ್ಕೆ ಕಡಿಮೆ ಮುತ್ತುತ್ತವೆ.

ದೀಪವಿದ್ದರೂ ಮೊಣಕಾಲ ವರೆಗಿನ ರಬ್ಬರಿನ ಬೂಟನ್ನೂ ಕೈಯಲ್ಲಿ ಕೋಲನ್ನೂ ಬಿಡಬಾರದು. ಒಂದು ವೇಳೆ ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಹಗ್ಗ ಕಟ್ಟದೆ, ಕಚ್ಚಿದ ಅವಯವವನ್ನು ಅಲುಗಾಡಿಸದೆ, ೧೦೮ಕ್ಕೆ ಕರೆ ಮಾಡಿ ಕೂಡಲೇ ತಾಲೂಕಿನ ಆಸ್ಪತ್ರೆಗೋ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೋ ಕರೆದೊಯ್ಯಬೇಕು. ಔಷಧವಿರುವದು ಅಲ್ಲಿಯೇ ಹೊರತು ಮಂತ್ರದಲ್ಲಿಯೂ ಗಿಡಮೂಲಿಕೆಯಲ್ಲಿಯೂ ಅಲ್ಲ.

ಎರಡನೆಯ ಉಪಯೋಗವು ದೂರ ನೋಡುವದು. ಕಪ್ಪತಗುಡ್ಡದ ಬುಡದಲ್ಲಿರುವ ಡೋಣಿ, ಕಡಕೋಳ ಮೊದಲಾದ ಗ್ರಾಮಗಳ ಹೊಲಗಳಲ್ಲಿ ಹಂದಿಗಳ ಹಿಂಡು ಯಾವ ಮೂಲೆಯಲ್ಲಿದೆಯೆಂಬದನ್ನು ತಿಳಿಯಲು ನೂರೈವತ್ತು ಇನ್ನೂರು ಮೀಟರು ಹಾಯುವ ಬೆಳಕು ಬೇಕಾಗುತ್ತದೆ. ಅದೂ ಕೆಲ ನಿಮಿಷಗಳ ಮಟ್ಟಿಗೆ ಮಾತ್ರ. ಕಪ್ಪತಗುಡ್ಡವು ೨೦೧೯ರಿಂದ ವನ್ಯಜೀವಿ ಧಾಮವಾಗಿರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಬೇಟೆಯು ಅಪರಾಧವಾದ್ದರಿಂದ ಬೆಳಕನ್ನು ಪ್ರಾಣಿಗಳನ್ನು ಹೆದರಿಸಿ ಹೊರಗೆ ಕಳಿಸುವದಕ್ಕೆ ಮಾತ್ರ ಬಳಸತಕ್ಕದ್ದು. ಅದರಂತೆ ಶಿರಹಟ್ಟಿಯ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ೨೦೨೪ರಲ್ಲಿ ಆ ಕೆರೆಯು ರಾಮ್ಸರ್ ಪಟ್ಟಿಗೆ ಸೇರಿತು. ಕೆರೆಯ ಕಡೆಗೆ ಪ್ರಖರವಾದ ಬೆಳಕು ಬಿಟ್ಟು ಹಕ್ಕಿಗಳನ್ನು ಎಬ್ಬಿಸುವ ಹುಡುಗರಿಗೆ ಹಿರಿಯರು ಬುದ್ಧಿ ಹೇಳಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಎಲ್.ಇ.ಡಿ. ದೀಪಗಳು ಬರುವ ಮೊದಲು ಬ್ಯಾಟರಿಯಲ್ಲಿ ಸಣ್ಣ ತಂತಿಯ ಬಲ್ಬು ಇರುತ್ತಿತ್ತು. ಅದು ಸೆಲ್ಲಿನ ಶಕ್ತಿಯ ಬಹುಭಾಗವನ್ನು ಕಾವಾಗಿ ಕಳೆದುಬಿಡುತ್ತಿತ್ತು. ಜಪಾನಿನಲ್ಲಿ ಜನಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿದುದರಿಂದ ಬಿಳಿಯ ಬೆಳಕಿನ ಎಲ್.ಇ.ಡಿ. ದೀಪಗಳು ಸಾಧ್ಯವಾದವು, ಇದಕ್ಕಾಗಿ ಅವರಿಗೆ ೨೦೧೪ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು. ಈಗಿನ ಒಳ್ಳೆಯ ಎಲ್.ಇ.ಡಿ. ಬ್ಯಾಟರಿಯು ಒಂದು ವ್ಯಾಟು ಶಕ್ತಿಯಿಂದ ಸುಮಾರು ೧೦೦ ಲ್ಯೂಮೆನ್ ಬೆಳಕು ಕೊಡುತ್ತದೆಂದು ಹಿಡಿಯಬಹುದು. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪೇಟೆಯಲ್ಲಿ ಮೋಸಹೋಗುವ ಪ್ರಸಂಗವು ಬಹಳ ಮಟ್ಟಿಗೆ ತಪ್ಪುತ್ತದೆ.

ಹೇಗೆಂದರೆ, ಸೆಲ್ಲೆಂಬದು ಒಂದು ಹಗೇವು. ಅದರಲ್ಲಿ ಎಷ್ಟು ಕಾಳು ತುಂಬಿದೆಯೋ ಅಷ್ಟನ್ನೇ ತೆಗೆಯಬಹುದು. ಸೆಲ್ಲಿನ ಮೇಲೆ ಬರೆದ ಎಂ.ಎ.ಎಚ್. ಅಂಕಿಯನ್ನು ೧,೦೦೦ದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ತಾಸು ಎಂಬ ಅಳತೆ ಬರುತ್ತದೆ. ೩,೦೦೦ ಎಂ.ಎ.ಎಚ್. ಇರುವ, ೩.೬ ವೋಲ್ಟಿನ ಒಂದು ಲಿಥಿಯಂ ಸೆಲ್ಲಿನಲ್ಲಿ ೧೦.೮ ವ್ಯಾಟ್-ತಾಸು ಶಕ್ತಿಯಿರುತ್ತದೆ. ಒಳಗಿನ ಸೋರಿಕೆಯನ್ನು ಕಳೆದರೆ ೯ ಎನ್ನೋಣ. ಇದರಿಂದ ೧೦೦ ಲ್ಯೂಮೆನ್ ಬೆಳಕನ್ನು ೯ ತಾಸು, ಇಲ್ಲವೆ ೩೦೦ ಲ್ಯೂಮೆನ್ ಬೆಳಕನ್ನು ೩ ತಾಸು ಪಡೆಯಬಹುದು. ೯೦೦ ಲ್ಯೂಮೆನ್ ಬೇಕೆಂದರೆ ಒಂದೇ ತಾಸು. ಹೀಗಿರುವಾಗ ಒಂದೇ ಸೆಲ್ಲಿನ ಬ್ಯಾಟರಿಗೆ ಒಂದು ಲಕ್ಷ ಲ್ಯೂಮೆನ್ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವವರ ಧೈರ್ಯವನ್ನು ಏನೆನ್ನಬೇಕು! ಅಷ್ಟು ಬೆಳಕಿಗೆ ಒಂದು ಸಾವಿರ ವ್ಯಾಟು ಬೇಕು. ಅದು ಹೊಲದ ಪಂಪಿನ ಒಂದು ಕುದುರೆ ಬಲವನ್ನೂ ಮೀರುತ್ತದೆ.

ರಾತ್ರಿಯ ಪಾಳಿಯ ಲೆಕ್ಕವನ್ನೇ ಮಾಡಿ ನೋಡೋಣ. ಏಳು ತಾಸಿನ ಪಾಳಿಯಲ್ಲಿ ರೈತನು ಒಡ್ಡಿನ ಮೇಲೆ ಕುಳಿತಿರುವ ವೇಳೆಯನ್ನು ಕಳೆದರೆ ಬ್ಯಾಟರಿಯು ಸುಮಾರು ಐದು ತಾಸು ಉರಿಯುತ್ತದೆನ್ನೋಣ. ೧೦೦ ಲ್ಯೂಮೆನ್ನಿನಂತೆ ೫ ತಾಸಿಗೆ ೫ ವ್ಯಾಟ್-ತಾಸು. ಹಂದಿ ನೋಡಲಿಕ್ಕೆ ೫೦೦ ಲ್ಯೂಮೆನ್ನಿನಂತೆ ಅರ್ಧ ತಾಸಿಗೆ ೨.೫. ಒಟ್ಟು ೭.೫. ಮೇಲೆ ಹೇಳಿದ ಸೆಲ್ಲು ಒಂದೇ ಇದ್ದರೆ ಕೆಲಸ ಸಾಗಿ ಬೆಳಗಿನ ಹೊತ್ತಿಗೆ ತುಸು ಉಳಿಯುತ್ತದೆ. ಅದೇ ಸೆಲ್ಲಿನಿಂದ ರಾತ್ರಿಯೆಲ್ಲ ಅತಿ ಹೆಚ್ಚಿನ ಬೆಳಕನ್ನೇ ಉರಿಸುವವನು ಎರಡನೆಯ ಮಡಿಗೆ ನೀರು ತಿರುಗಿಸುವದರೊಳಗೆ ಕತ್ತಲೆಯಲ್ಲಿ ನಿಲ್ಲಬೇಕಾಗುತ್ತದೆ. ಸ್ಟಾರ್ಟರಿನ ಪೆಟ್ಟಿಗೆಗೆ ಹಸಿ ಕೈಯಿಂದ ತಡವರಿಸುತ್ತ ಹೋಗುವ ಪ್ರಸಂಗವು ಬರುವದು ಇಂಥ ವೇಳೆಯಲ್ಲಿಯೇ.

ಹೆಸರುಳ್ಳ ಕಂಪನಿಗಳ ಪೆಟ್ಟಿಗೆಗಳ ಮೇಲೆ ಎಫ್.ಎಲ್. ೧ ಎಂಬ ಗುರುತಿರುವದುಂಟು. ಇದು ೨೦೦೯ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ಅಳತೆಯ ಕ್ರಮ. ಇದು ನಂಬಿಗೆಗೆ ಪಾತ್ರವಾದುದೇ; ಆದರೂ ಇದರ ಅರ್ಥವನ್ನು ಅರಿತುಕೊಂಡಿರಬೇಕು. ಈ ಕ್ರಮದಲ್ಲಿ ಬೆಳಕು ಮೊದಲಿನ ಹತ್ತನೆಯ ಒಂದಂಶಕ್ಕೆ ಇಳಿಯುವ ವರೆಗಿನ ವೇಳೆಯನ್ನೆಲ್ಲ ಉರಿಯುವ ತಾಸೆಂದೇ ಎಣಿಸುತ್ತಾರೆ. ಬೆಳಕು ಹಾಯುವ ದೂರವನ್ನು ಹುಣ್ಣಿಮೆಯ ಬೆಳದಿಂಗಳಿನಷ್ಟು ಮಂದವಾಗುವ ಸ್ಥಳದ ವರೆಗೆ ಅಳೆಯುತ್ತಾರೆ. ಆದುದರಿಂದ ೩೦೦ ಮೀಟರು ಎಂದು ಬರೆದ ಬ್ಯಾಟರಿಯಿಂದ ಹಂದಿಯೋ ಎಮ್ಮೆಯೋ ಎಂದು ಗುರುತಿಸುವಷ್ಟು ಸ್ಪಷ್ಟವಾಗಿ ಕಾಣುವದು ಸುಮಾರು ಅದರ ಅರ್ಧ ದೂರದಲ್ಲಿ.

ಸೆಲ್ಲಿನ ಜಾತಿಗಳು

ಒಮ್ಮೆ ಬಳಸಿ ಚೆಲ್ಲುವ ಒಣ ಸೆಲ್ಲುಗಳು ನಮ್ಮ ಹಿರಿಯರ ಕಾಲದಿಂದ ಬಳಕೆಯಲ್ಲಿವೆ. ಎಲ್ಲ ಊರುಗಳ ಕಿರಾಣಿ ಅಂಗಡಿಗಳಲ್ಲಿಯೂ ಅವು ಸಿಗುವವೆಂಬದೇ ಅವುಗಳ ದೊಡ್ಡ ಗುಣ. ಮೇಲಾಗಿ ಅವು ಮುಗಿಯುತ್ತ ಬಂದಂತೆ ಬೆಳಕು ಮೆಲ್ಲಗೆ ಕುಂದಿ ಮುನ್ಸೂಚನೆ ಕೊಡುತ್ತದೆ. ಆದರೆ ವಾರಕ್ಕೆ ಮೂರು ನಾಲ್ಕು ರಾತ್ರಿ ದೀಪ ಹಿಡಿಯುವವನಿಗೆ ಅವುಗಳ ವೆಚ್ಚವು ಭಾರವಾಗುತ್ತದೆ; ಬ್ಯಾಟರಿಯಲ್ಲಿಯೇ ಬಿಟ್ಟರೆ ರಸ ಸೋರಿ ಒಳಗಿನ ಸ್ಪ್ರಿಂಗನ್ನು ತಿಂದುಹಾಕುತ್ತದೆ.

ಚಾರ್ಜು ಮಾಡುವ ಬ್ಯಾಟರಿಗಳಲ್ಲಿ ಸಂತೆಗಳಲ್ಲಿ ಬಹಳವಾಗಿ ಮಾರಾಟವಾಗುವದು ಬೆನ್ನಿನಲ್ಲಿ ಎರಡು ಮಡಚುವ ಪಿನ್ನುಗಳಿದ್ದು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚುವ ಪ್ಲಾಸ್ಟಿಕ್ಕಿನ ಜಾತಿ. ಇದರೊಳಗೆ ಬಹುತರವಾಗಿ ೪ ವೋಲ್ಟಿನ ಸಣ್ಣ ಸೀಸದ ಬ್ಯಾಟರಿಯಿರುತ್ತದೆ. ಮೋಟಾರು ಗಾಡಿಯ ಬ್ಯಾಟರಿಯ ಮರಿಯೇ ಇದು. ಸೀಸದ ಸೆಲ್ಲಿಗೆ ಒಂದು ಸ್ವಭಾವವುಂಟು: ಅದನ್ನು ಪೂರ್ತಿ ಖಾಲಿ ಮಾಡಿ ಹಾಗೆಯೇ ಇಟ್ಟರೆ ಅದರ ಫಲಕಗಳ ಮೇಲೆ ಗಟ್ಟಿಯಾದ ಪೊರೆ ಕಟ್ಟಿ ಅದು ಮತ್ತೆ ತುಂಬಿಕೊಳ್ಳದು. ರೈತನು ರಾತ್ರಿ ಖಾಲಿಯಾದ ಬ್ಯಾಟರಿಯನ್ನು ಗೂಟಕ್ಕೆ ತೂಗುಹಾಕಿ, ಮುಂದಿನ ಪಾಳಿ ಬಂದಾಗ ಚಾರ್ಜಿಗೆ ಹಚ್ಚುತ್ತಾನೆ. ನಾಲ್ಕಾರು ತಿಂಗಳಲ್ಲಿ ಅದು ಸಾಯುತ್ತದೆ. ಇಂಥ ಬ್ಯಾಟರಿ ಈಗಾಗಲೇ ಮನೆಯಲ್ಲಿದ್ದರೆ ಪ್ರತಿ ಬಳಕೆಯ ಮರುದಿನವೇ ತುಂಬಿಡಬೇಕು. ಬೆಳಕು ಕುಂದಿದ ಕೂಡಲೇ ಆರಿಸಬೇಕು. ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನು ಹೇಳಲಾರೆ. ಅಗ್ಗದ್ದೆಂದು ವರುಷಕ್ಕೆ ಎರಡು ಕೊಂಡವನು ಮೂರು ವರುಷಗಳಲ್ಲಿ ಒಂದು ಒಳ್ಳೆಯ ಬ್ಯಾಟರಿಯ ಬೆಲೆಯನ್ನು ದಾಟಿರುತ್ತಾನೆ.

ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನ ಅಳತೆಯಲ್ಲಿ ದೊರೆಯುತ್ತವೆ. ಒಂದೊಂದು ೧.೨ ವೋಲ್ಟು, ಸುಮಾರು ೨,೦೦೦ ಎಂ.ಎ.ಎಚ್. ಇಂಥ ಎರಡು ಸೆಲ್ಲುಗಳು ಕೂಡಿ ೪.೮ ವ್ಯಾಟ್-ತಾಸು, ಅಂದರೆ ೧೦೦ ಲ್ಯೂಮೆನ್ ಬೆಳಕು ನಾಲ್ಕು ತಾಸು. ಹಿಂದಿನ ಜಾತಿಗಳು ಸುಮ್ಮನಿಟ್ಟರೂ ಒಂದೆರಡು ತಿಂಗಳಲ್ಲಿ ಬರಿದಾಗುತ್ತಿದ್ದವು. ೨೦೦೫ರಲ್ಲಿ ಸಾನ್ಯೋ ಕಂಪನಿಯವರು ಹೊರತಂದ ಎನೆಲೂಪ್ ಜಾತಿಯವು ಮತ್ತು ಅದನ್ನು ಅನುಸರಿಸಿ ಬಂದವು ವರುಷದ ಮೇಲೆಯೂ ಬಹುಭಾಗ ತುಂಬಿಯೇ ಇರುತ್ತವೆ. ಬೆಂಕಿಯ ಭಯ ಅತ್ಯಲ್ಪ. ಅಡಚಣೆಯ ಹೊತ್ತಿನಲ್ಲಿ ಇವುಗಳ ಬದಲಿಗೆ ಅಂಗಡಿಯ ಒಣ ಸೆಲ್ಲನ್ನೂ ಹಾಕಬಹುದು. ವಾರಗಟ್ಟಲೆ ಪ್ಲಗ್ಗಿನ ಮುಖ ಕಾಣದೆ ಕುರಿಗಳೊಡನೆ ಹೊಲದಿಂದ ಹೊಲಕ್ಕೆ ಸಾಗುವ ಕುರಿಗಾರರಿಗೂ, ಮನೆಯಲ್ಲಿ ಬ್ಯಾಟರಿ ಬಳಸುವ ಮುದುಕರು ಮಕ್ಕಳಿಗೂ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಲಿಥಿಯಂ ಅಯಾನ್ ಸೆಲ್ಲು ೧೯೯೧ರಲ್ಲಿ ಸೋನಿ ಕಂಪನಿಯಿಂದ ಮೊದಲು ಪೇಟೆಗೆ ಬಂದಿತು. ಇದರ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬವರಿಗೆ ೨೦೧೯ರ ನೋಬೆಲ್ ಪಾರಿತೋಷಕವು ಬಂದಿರುತ್ತದೆ. ಬ್ಯಾಟರಿಗಳಲ್ಲಿ ಹೆಚ್ಚಾಗಿ ಕಾಣುವದು ೧೮೬೫೦ ಎಂಬ ಜಾತಿ. ಈ ಅಂಕಿಯ ಅರ್ಥವು ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದ ಎಂಬದಾಗಿದೆ. ಇದಕ್ಕಿಂತ ದೊಡ್ಡದು ೨೧೭೦೦. ಅದರಲ್ಲಿ ೫,೦೦೦ ಎಂ.ಎ.ಎಚ್. ವರೆಗೆ ಹಿಡಿಯುತ್ತದೆ. ಒಳ್ಳೆಯ ಸೆಲ್ಲು ಪೂರ್ತಿ ತುಂಬಿ ಖಾಲಿಯಾಗುವ ೩೦೦ರಿಂದ ೫೦೦ ಸರದಿಗಳ ವರೆಗೆ ತನ್ನ ಶಕ್ತಿಯ ಬಹುಭಾಗವನ್ನು ಉಳಿಸಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ ತುಂಬುವವನಿಗೆ ಇದು ಮೂರರಿಂದ ಐದು ವರುಷಗಳ ಬಾಳಿಕೆ.

ಕಳ್ಳ ಸರಕು ತುಂಬಿರುವದೂ ಈ ಜಾತಿಯಲ್ಲಿಯೇ. ನಿಜವಾದ ೧೮೬೫೦ ಸೆಲ್ಲಿನಲ್ಲಿ ಸಾಮಾನ್ಯವಾಗಿ ೨,೦೦೦ದಿಂದ ೩,೫೦೦ ಎಂ.ಎ.ಎಚ್. ಇರುತ್ತದೆ. ೫,೦೦೦ ಎಂದೋ ೯,೯೦೦ ಎಂದೋ ಅದರ ಮೈಮೇಲೆ ಬರೆದಿದ್ದರೆ ಬೇರೆ ಪರೀಕ್ಷೆ ಬೇಡ, ಅದು ಸುಳ್ಳೇ. ಸಂಶಯ ಬಂದರೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಬಹುದು: ಒಳ್ಳೆಯ ಸೆಲ್ಲು ಸುಮಾರು ೪೫ರಿಂದ ೫೦ ಗ್ರಾಮು ತೂಗುತ್ತದೆ. ಮೂವತ್ತು ಗ್ರಾಮಿನ ಸೆಲ್ಲಿನಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು. ಹಳೆಯ ಲ್ಯಾಪ್‌ಟಾಪುಗಳಿಂದ ಬಿಚ್ಚಿ ತೆಗೆದು ಹೊಸ ಕಾಗದ ಸುತ್ತಿದವುಗಳೂ ಮಾರಾಟಕ್ಕೆ ಬರುತ್ತವೆ. ಭಾರತೀಯ ಮಾನಕ ಬ್ಯೂರೋದ ಗುರುತೂ ಅದರೊಡನೆ ಐ.ಎಸ್. ೧೬೦೪೬ ಎಂಬ ಅಂಕಿಯೂ ನೋಂದಣಿಯ ಸಂಖ್ಯೆಯೂ ಸೆಲ್ಲಿನ ಅಥವಾ ಅದರ ಪೆಟ್ಟಿಗೆಯ ಮೇಲೆ ಇವೆಯೋ ಎಂದು ನೋಡಿ, ಪಾವತಿ ಪಡೆದು ಕೊಳ್ಳಬೇಕು.

ಲಿಥಿಯಂ ಸೆಲ್ಲಿಗೆ ಹೊಂದಿಸಿದ ಬ್ಯಾಟರಿಯ ಒಂದು ಗುಣವನ್ನು ಮೊದಲೇ ತಿಳಿದಿರುವದು ಅವಶ್ಯ. ಒಳಗಿನ ಸಾಧನವು ಬೆಳಕನ್ನು ಕೊನೆಯ ವರೆಗೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ; ಸೆಲ್ಲು ಖಾಲಿಯಾದ ಕ್ಷಣಕ್ಕೆ ಒಮ್ಮೆಲೇ ಕತ್ತಲೆ. ಹಳೆಯ ಒಣ ಸೆಲ್ಲಿನ ಹಾಗೆ ಕೆಂಪಾಗುತ್ತ ಬಂದು ಎಚ್ಚರಿಸುವದಿಲ್ಲ. ಆದಕಾರಣ ಸೆಲ್ಲಿನ ಮಟ್ಟವನ್ನು ತೋರಿಸುವ ಸಣ್ಣ ದೀಪವಿದ್ದ ಬ್ಯಾಟರಿಯನ್ನೇ ಆರಿಸಿ, ತುಂಬಿದ ಇನ್ನೊಂದು ಸೆಲ್ಲನ್ನು ಜೊತೆಗಿಟ್ಟುಕೊಂಡಿರಬೇಕು. ಆ ಬಿಡಿ ಸೆಲ್ಲನ್ನು ಕಿಸೆಯಲ್ಲಿ ಕೀಲಿಕೈ, ಚಿಲ್ಲರೆಯೊಡನೆ ಹಾಕಿದರೆ ಎರಡು ತುದಿಗಳೂ ಒಂದಾಗಿ ಬಟ್ಟೆ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿಯೇ ಒಯ್ಯಬೇಕು. ಪೆನ್ಸಿಲ್ ಸೆಲ್ಲಿನ ಅಳತೆಯಲ್ಲಿಯೇ ೧೪೫೦೦ ಎಂಬ ಲಿಥಿಯಂ ಸೆಲ್ಲೂ ಬರುತ್ತದೆ. ಅಳತೆ ಒಂದೇ ಆದರೂ ಅದರ ವೋಲ್ಟು ಮೂರು ಪಾಲು. ಅದನ್ನು ಒಣ ಸೆಲ್ಲಿನ ಬ್ಯಾಟರಿಗೆ ಹಾಕಿದರೆ ದೀಪವು ಸುಟ್ಟುಹೋಗಬಹುದು.

ಲಿಥಿಯಂನಲ್ಲಿಯೇ ಕಬ್ಬಿಣದ ಫಾಸ್ಫೇಟು ಸೇರಿದ ಇನ್ನೊಂದು ಜಾತಿಯುಂಟು. ಇದರ ವೋಲ್ಟು ೩.೨. ಅದೇ ಗಾತ್ರದಲ್ಲಿ ಹಿಡಿಸುವ ಶಕ್ತಿಯು ಕಡಿಮೆಯಾದರೂ ಕಾವಿಗೆ ಹೆಚ್ಚು ತಡೆಯುತ್ತದೆ, ಒಂದೂವರೆ ಎರಡು ಸಾವಿರ ಸರದಿ ಬಾಳುತ್ತದೆ. ಸೂರ್ಯನ ಶಕ್ತಿಯಿಂದ ಉರಿಯುವ ದೀಪಗಳಲ್ಲಿ ಹೆಬ್ಬೆರಳಿಗಿಂತಲೂ ದಪ್ಪವಾದ ೩೨೬೫೦ ಜಾತಿಯ ಈ ಸೆಲ್ಲು ಕಾಣುತ್ತದೆ, ೬,೦೦೦ ಎಂ.ಎ.ಎಚ್.ನಂತೆ ೧೯ ವ್ಯಾಟ್-ತಾಸು. ಕಣದ ಗುಡಿಸಲಿನಲ್ಲಿ ಇರುಳೆಲ್ಲ ಉರಿಯತಕ್ಕ ಕಂದೀಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದರ ಚಾರ್ಜರು ಬೇರೆ. ಸಾಮಾನ್ಯ ಲಿಥಿಯಂ ಚಾರ್ಜರಿಗೆ ಇದನ್ನು ಹಚ್ಚಲಾಗದು.

ಮೈಕಟ್ಟು

ಸೆಲ್ಲಿನ ಲೆಕ್ಕ ಮುಗಿದ ಮೇಲೆ ಮೈಕಟ್ಟಿನ ಕಡೆಗೆ ನೋಡಬೇಕು. ಎಲ್.ಇ.ಡಿ. ದೀಪದ ಬೆಳಕು ತಂಪಾಗಿ ಕಂಡರೂ ಅದರ ಬುಡವು ಕಾಯುತ್ತದೆ. ಆ ಕಾವು ಹೊರಬೀಳಲು ಅಲ್ಯೂಮಿನಿಯಮ್ಮಿನ ಮೈ ಬೇಕು. ಪ್ಲಾಸ್ಟಿಕ್ಕಿನ ಮೈಯಲ್ಲಿ ಹೆಚ್ಚಿನ ಬೆಳಕನ್ನು ಉರಿಸಿದರೆ ದೀಪದ ಆಯುಷ್ಯವು ಕುಂದುತ್ತದೆ. ನೀರು, ದೂಳುಗಳನ್ನು ತಡೆಯುವ ಶಕ್ತಿಗೆ ಐ.ಪಿ. ಎಂಬ ಅಂಕಿಯಿರುತ್ತದೆ. ಮೊದಲನೆಯ ಅಂಕಿ ದೂಳಿನದು, ಎರಡನೆಯದು ನೀರಿನದು. ಐ.ಪಿ. ೬೭ ಎಂದರೆ ದೂಳು ಒಳಹೋಗದು, ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಕೆಡದು. ಕಾಲುವೆಯಲ್ಲಿ ಬ್ಯಾಟರಿ ಬೀಳದ ಪಾಳಿಯೇ ಇರುವದಿಲ್ಲವಾದ್ದರಿಂದ ಇದಕ್ಕಿಂತ ಕಡಿಮೆಗೆ ಒಪ್ಪಬಾರದು. ಸಾಮಾನ್ಯವಾಗಿ ಬರುವ ಐ.ಪಿ.ಎಕ್ಸ್. ೪ ಎಂಬದು ನೀರಿನ ಸಿಡಿತಕ್ಕೆ ಮಾತ್ರ.

ತಲೆಯನ್ನು ಹಿಂದೆ ಮುಂದೆ ಎಳೆದು ಬೆಳಕನ್ನು ಅಗಲ, ಕಿರಿದು ಮಾಡುವ ಬ್ಯಾಟರಿಗಳು ಅಂಗಡಿಯಲ್ಲಿ ಬಹಳ ಚೆನ್ನಾಗಿ ತೋರುತ್ತವೆ. ಎಳೆದಾಗಲೊಮ್ಮೆ ಅವು ತಿದಿಯಂತೆ ಗಾಳಿಯನ್ನೂ ಅದರೊಡನೆ ಎರೆಯ ಸಣ್ಣ ದೂಳನ್ನೂ ಒಳಗೆಳೆದುಕೊಳ್ಳುತ್ತವೆ. ಅವುಗಳ ಬದಲು ಒಳಗೆ ಬಟ್ಟಲಿನಾಕಾರದ ಕನ್ನಡಿಯಿದ್ದು ನಡುವೆ ಪ್ರಖರವಾದ, ಸುತ್ತಲೂ ಮಂದವಾದ ಬೆಳಕನ್ನು ಕೊಡುವಂಥವು ಹೊಲಕ್ಕೆ ತಕ್ಕವು. ಗುಂಡಿ ಒಂದೇ ಇದ್ದು, ಕಡಿಮೆ, ನಡುವೆ, ಹೆಚ್ಚು ಎಂಬ ಮೂರು ಮಟ್ಟಗಳಿದ್ದರೆ ಸಾಕು. ಮಿಣುಕು ಬೆಳಕು, ಅಪಾಯದ ಸಂಜ್ಞೆ ಎಂದು ಹತ್ತಾರು ಬಗೆಗಳಿದ್ದರೆ ಹಾವು ಕಂಡ ಗಾಬರಿಯಲ್ಲಿ ಗುಂಡಿಯನ್ನು ಆರು ಸಲ ಒತ್ತಬೇಕಾದೀತು. ಸೆಲ್ಲನ್ನು ಬಿಚ್ಚಿ ಬದಲಿಸಲು ಬರುವಂಥದನ್ನೇ ಕೊಳ್ಳಬೇಕು. ಸೆಲ್ಲು ಒಳಗೇ ಬೆಸೆದಿದ್ದರೆ ಅದು ಸತ್ತ ದಿನ ಬ್ಯ಺ಟರಿಯೂ ಸತ್ತಂತೆಯೇ. ಒಂದಕ್ಕಿಂತ ಹೆಚ್ಚು ಲಿಥಿಯಂ ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸುವ ಬ್ಯಾಟರಿಗಳಲ್ಲಿ ಹಳೆಯದು ಹೊಸದು ಬೆರೆತರೆ ದುರ್ಬಲವಾದುದು ಕೆಟ್ಟು ಅಪಾಯವಾಗುವ ಸಂಭವವುಂಟು. ಒಂದೇ ಸೆಲ್ಲಿನದು ಮೇಲು.

ಕೊಂಡ ಮೇಲೆ

ಹೊಸ ಬ್ಯಾಟರಿಯನ್ನು ಹೊಲಕ್ಕೆ ಒಯ್ಯುವ ಮೊದಲು ಮನೆಯಲ್ಲಿಯೇ ಪರೀಕ್ಷಿಸಬೇಕು. ಪೂರ್ತಿ ತುಂಬಿ, ನಡುವಿನ ಮಟ್ಟದಲ್ಲಿ ಹಚ್ಚಿ, ಮಾಳಿಗೆಯ ತೊಲೆಗೆ ಬೆಳಕು ಬೀಳುವಂತೆ ನಿಲ್ಲಿಸಿ, ಹಚ್ಚಿದ ಮತ್ತು ಆರಿದ ವೇಳೆಗಳನ್ನು ಬರೆದಿಡಬೇಕು. ಪೆಟ್ಟಿಗೆಯ ಮೇಲಿನ ತಾಸುಗಳ ಅರ್ಧವೂ ಉರಿಯದಿದ್ದರೆ ಪಾವತಿಯೊಡನೆ ಹಿಂದಕ್ಕೆ ಕೊಡಬೇಕು. ಒಂದು ಕೊಡದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಮೇಲಿನ ನೀರನ್ನು ಒರೆಸಿ ಬಿಚ್ಚಿ ನೋಡಿದರೆ ಐ.ಪಿ. ಅಂಕಿಯ ನಿಜವೂ ತಿಳಿಯುತ್ತದೆ. ಈ ಪರೀಕ್ಷೆಗಳಿಗೆ ಒಪ್ಪದ ಅಂಗಡಿಯವನಲ್ಲಿ ಕೊಳ್ಳುವ ಅವಶ್ಯಕತೆಯಿಲ್ಲ.

ಚಾರ್ಜು ಮಾಡುವ ಸ್ಥಳವನ್ನು ಯೋಚಿಸಿ ಗೊತ್ತುಮಾಡಬೇಕು. ಬಣವೆಯ ಹತ್ತಿರ, ಹತ್ತಿಯ ಅಂಡಿಗೆಗಳ ಮೇಲೆ, ಹಾಸಿಗೆಯಲ್ಲಿ ಲಿಥಿಯಂ ಸೆಲ್ಲನ್ನು ಎಂದಿಗೂ ಚಾರ್ಜಿಗೆ ಹಚ್ಚಬಾರದು. ಕಲ್ಲಿನ ಗೂಡು ಅಥವಾ ಬರಿಯ ನೆಲವೇ ಅದಕ್ಕೆ ತಕ್ಕ ಸ್ಥಳ. ೪೫ ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ತುಂಬಿದರೆ ಸೆಲ್ಲು ಕೆಡುತ್ತದೆ. ಎಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲಿಗೆ ನಿಂತ ಟ್ರ್ಯಾಕ್ಟರಿನ ಮೇಲೆ ಬಿಟ್ಟ ಬ್ಯಾಟರಿಯು ಮುಟ್ಟಲಾಗದಷ್ಟು ಕಾಯುವದನ್ನು ಎಲ್ಲರೂ ಬಲ್ಲರು. ಅದನ್ನು ನೆರಳಿನಲ್ಲಿ ಆರಗೊಟ್ಟು ತುಂಬಬೇಕು. ೩,೦೦೦ ಎಂ.ಎ.ಎಚ್. ಸೆಲ್ಲು ಒಂದು ಆಂಪಿಯರಿನ ಚಾರ್ಜರಿನಲ್ಲಿ ಮೂರೂವರೆ ನಾಲ್ಕು ತಾಸುಗಳಲ್ಲಿ ತುಂಬುತ್ತದೆ. ಉಬ್ಬಿದ, ತಗ್ಗು ಬಿದ್ದ, ಮೇಲಿನ ಹೊದಿಕೆ ಹರಿದ ಸೆಲ್ಲನ್ನು ಮತ್ತೆ ಬಳಸಬಾರದು.

ಹಳ್ಳಿಗೆ ವಿದ್ಯುತ್ತು ಇದ್ದರೂ ಹೊಲದ ಗುಡಿಸಲಿಗೆ ಅನೇಕ ಕಡೆಗಳಲ್ಲಿ ಇಲ್ಲ. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯ ಯಂತ್ರಗಳು ಹಗಲಿರುಳು ವಿದ್ಯುತ್ತು ಹುಟ್ಟಿಸುತ್ತಿರಲು ಅದರ ಅಡಿಯ ಗುಡಿಸಲಿನವನು ಸೆಲ್ಲು ತುಂಬಲಿಕ್ಕೆ ಊರಿಗೆ ನಡೆಯುವದನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಅಂಥವರು ಆರರಿಂದ ಹತ್ತು ವ್ಯಾಟಿನ ಚಿಕ್ಕ ಸೂರ್ಯಫಲಕವೊಂದನ್ನು ಇಟ್ಟುಕೊಂಡರೆ ಒಂದು ದಿನದ ಒಳ್ಳೆಯ ಬಿಸಿಲಿನಲ್ಲಿ ಒಂದು ಸೆಲ್ಲು ನಿಶ್ಚಿಂತೆಯಿಂದ ತುಂಬುತ್ತದೆ. ಫಲಕವು ಬಿಸಿಲಿನಲ್ಲಿ, ಸೆಲ್ಲು ಮಾತ್ರ ನೆರಳಿನಲ್ಲಿ ಇರುವಂತೆ ತಂತಿಯನ್ನು ಉದ್ದವಾಗಿ ಇಟ್ಟುಕೊಳ್ಳಬೇಕು.

ತಿಂಗಳಿಗೊಮ್ಮೆ ಬ್ಯಾಟರಿಯ ಹೆರೆಗಳನ್ನು ಒಣ ಬಟ್ಟೆಯಿಂದ ಒರೆಸಿ ರಬ್ಬರಿನ ಬಳೆಗೆ ತುಸು ಸಿಲಿಕೋನಿನ ಗ್ರೀಸನ್ನು ಹಚ್ಚಬೇಕು. ಪಂಪಿನ ಎಣ್ಣೆ, ಗಾಡಿಯ ಕೀಲೆಣ್ಣೆಗಳು ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಬೆಳೆಯಿಲ್ಲದ ತಿಂಗಳುಗಳಲ್ಲಿ ಸೆಲ್ಲನ್ನು ಹೊರತೆಗೆದು, ಲಿಥಿಯಂ ಆದರೆ ಅರ್ಧ ತುಂಬಿ, ಸೀಸದ್ದಾದರೆ ಪೂರ್ತಿ ತುಂಬಿ ತಂಪಾದ ಸ್ಥಳದಲ್ಲಿ ಇಡಬೇಕು. ಸೀಸದ್ದನ್ನು ತಿಂಗಳಿಗೊಮ್ಮೆ ಮತ್ತೆ ತುಂಬತಕ್ಕದ್ದು.

ಸತ್ತ ಸೆಲ್ಲುಗಳನ್ನು ತಿಪ್ಪೆಗೂ ಹಾಳು ಬಾವಿಗೂ ಎಸೆಯುವ ಚಾಳಿಯು ಎಲ್ಲ ಕಡೆಗೂ ಕಂಡುಬರುತ್ತದೆ. ತಿಪ್ಪೆಗೆ ಬಿದ್ದ ಸೀಸವು ಗೊಬ್ಬರದೊಡನೆ ಹೊಲಕ್ಕೇ ಮರಳುತ್ತದೆ; ಒಲೆಗೆ ಬಿದ್ದ ಲಿಥಿಯಂ ಸೆಲ್ಲು ಸಿಡಿಯುತ್ತದೆ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಸೆಲ್ಲುಗಳನ್ನು ಮರಳಿ ಸಂಗ್ರಹಿಸುವ ಹೊಣೆಯು ತಯಾರಕರ ಮೇಲಿರುತ್ತದೆ. ಲಿಥಿಯಂ ಸೆಲ್ಲಿನ ಎರಡೂ ತುದಿಗಳಿಗೆ ಅಂಟುಪಟ್ಟಿ ಹಚ್ಚಿ ಒಂದು ಡಬ್ಬಿಯಲ್ಲಿ ಕೂಡಿಸಿಟ್ಟು, ಪೇಟೆಗೆ ಹೋದಾಗ ಹಳೆಯ ಬ್ಯಾಟರಿಗಳನ್ನು ತೆಗೆದುಕೊಳ್ಳುವ ಅಂಗಡಿಗೆ ಒಪ್ಪಿಸಬೇಕು.